ಹೊತ್ತು ದಾಟಿದ ಅನ್ನ

ಪುಟ್ಟಕ್ಕಾ, ಚಿನ್ನೂ,

ನಿಮ್ಮ ಅತ್ತೆ ಹಿಂದೆ ಗುಡ್ಡದ ಮೇಲೆ ಭಿಕ್ಷುಣಿಯಾಗಿದ್ದಳು ಎಂದು ಯಾರೋ ಆಡಿದ್ದನ್ನು ಕೇಳಿಕೊಂಡು ನೀವಿಬ್ಬರೂ ಈ ಅಜ್ಜಿಯ ಹತ್ತಿರ ಬಂದಿರಿ. ಭಿಕ್ಷುಣಿ ಎಂದರೆ ಭಿಕ್ಷೆ ಬೇಡುವವಳಾ ಎಂದು ಚಿನ್ನು ಕೇಳಿದ. ನಾನು ಬೇಳೆ ಆರಿಸುವ ನೆವ ಮಾಡಿ ಸುಮ್ಮನಿದ್ದೆ. ಬಾಯಿಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಆಗದು. ಕಂಪ್ಲಿ ಹತ್ತಿರದ ನಮ್ಮೂರಿನ ಶಾಲೆಯಲ್ಲಿ ಮೇಷ್ಟ್ರು ಎದ್ದು ನಿಂತು ಓದು ಎಂದರೆ ನನ್ನ ದನಿಯೇ ಹೊರಡುತ್ತಿರಲಿಲ್ಲ. ಬರೆ ಎಂದರೆ ಬರೆಯುತ್ತಿದ್ದೆ. ಅದಕ್ಕೆ ಇದನ್ನೂ ಬರೆದೇ ಹೇಳುತ್ತೇನೆ.

ನಿಮ್ಮ ಅತ್ತೆ ತೋರಣಗಲ್ಲಿನ ಕಡೆ ಒಂದು ಕ್ಯಾಂಟೀನಿನಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಬೆಳಗಿನ ಶಿಫ್ಟಿನ ಬಸ್ಸು ಹಿಡಿದು ಹೋದವಳು ಸಂಜೆ ಮೈತುಂಬ ಎಣ್ಣೆಯ ವಾಸನೆ ಹೊತ್ತು ಬರುತ್ತಿದ್ದಳು. ಒಮ್ಮೆ ರಜೆಯ ದಿನ ನಾವಿಬ್ಬರೂ ಹಂಪಿಗೆ ಹೋಗಿದ್ದೆವು. ಹೊಳೆಯ ದಂಡೆಯಲ್ಲಿ ತಲೆ ಬೋಳಿಸಿಕೊಂಡ ಇಬ್ಬರು ಹೆಂಗಸರು, ಕಾವಿಗಿಂತ ಗಾಢವಾದ ಬಣ್ಣದ ಬಟ್ಟೆ ಉಟ್ಟವರು, ತಮ್ಮ ಊಟದ ಬಟ್ಟಲುಗಳನ್ನು ತೊಳೆಯುತ್ತ ಕುಳಿತಿದ್ದರು. ಇವಳು ಹೋಗಿ ಅವರ ಪಕ್ಕದಲ್ಲಿ ಕುಳಿತಳು. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ನಾನು ಒದ್ದೆ ಬಟ್ಟೆ ಹಿಡಿದುಕೊಂಡು ಬಿಸಿಲಿನಲ್ಲಿ ನಿಂತೇ ಇದ್ದೆ. ಹಿಂದಿರುಗಿ ಬಂದವಳ ಮುಖದಲ್ಲಿ ಅಂಥ ನಿರಾಳ ನಾನು ಹಿಂದೆಂದೂ ಕಂಡಿರಲಿಲ್ಲ. ನಿಮ್ಮ ತಾತ ತೀರಿಕೊಂಡ ಮರುವರ್ಷ ಅವಳು ಅವರಲ್ಲಿಗೇ ಹೊರಟಳು.

"ಮದುವಿ ಮಾಡ್ತೀವಿ ಅಂದ್ರ ತಲಿ ಬೋಳಿಸ್ಕಂತೀನಿ ಅಂತಾಳಲ್ಲ, ನಿನ್ ಮಗಳಿಗೆ ಏನಾರ ಹೇಳವ್ವಾ!" ಎಂದು ನಿಮ್ಮಪ್ಪ ಕೂಗಾಡಿದ.  ಹೊಳೆಯ ದಂಡೆಯಲ್ಲಿ ಆ ಮುಖ ನೋಡಿದವಳು ನಾನು, ಅವಳ ಚೀಲ ತುಂಬಿಕೊಟ್ಟೆ.

ಬುದ್ಧನ ದಾರಿ ಹಿಡಿದ ಆ ಭಿಕ್ಷುಣಿಯರ ವಿಹಾರ ಸಂಡೂರಿನ ಗುಡ್ಡಗಳಲ್ಲಿತ್ತು. ಬಂಡ್ರಿಯಲ್ಲಿ ಬಸ್ಸಿಳಿದು, ಹೊಲಗಳನ್ನು ದಾಟಿ, ಒಂದು ಲಂಬಾಣಿ ತಾಂಡಾ ಹಾಯ್ದು, ಅಲ್ಲಿಂದ ಮೇಲೆ ಹತ್ತಬೇಕು. ವಿಹಾರವೆಂದರೆ ದೊಡ್ಡ ಬಂಡೆಯ ಮಗ್ಗುಲಿಗೆ ಆತುಕೊಂಡ ಒಂದು ಹಳೆಯ ಕಲ್ಲಿನ ಮನೆ, ಅಷ್ಟೇ. ನಿಮ್ಮ ಅತ್ತೆಯೂ ಸೇರಿ ನಾಲ್ಕು ಜನ ಇದ್ದರು. ಮಲಗುವುದು, ಧ್ಯಾನ, ಅಡುಗೆ ಎಲ್ಲ ಒಂದೇ ಸೂರಿನ ಕೆಳಗೆ. ಎದುರಿನ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಆ ಕರೆಂಟು ದಪ್ಪ ತಂತಿಗಳಲ್ಲಿ ಎಲ್ಲಿಗೋ ಹೋಗುತ್ತಿತ್ತು. ಇವರ ಮನೆಗೆ ಲೈನು ಇರಲಿಲ್ಲ. ಜಾಗ ಯಾರ ಹೆಸರಿನಲ್ಲೂ ಇಲ್ಲದ್ದರಿಂದ ಗ್ಯಾಸ್ ಕನೆಕ್ಷನ್ನೂ ಸಿಗಲಿಲ್ಲ. ಸಿಕ್ಕಿದ್ದರೂ ಸಿಲಿಂಡರ್ ಹೊತ್ತು ಆ ಗುಡ್ಡ ಹತ್ತುವವರು ಯಾರು?

ನಾನು ತಿಂಗಳಿಗೊಮ್ಮೆ ಅಕ್ಕಿ ಬೇಳೆ ತೆಗೆದುಕೊಂಡು ಹೋಗಿ ಎರಡು ಮೂರು ದಿನ ಇದ್ದು ಬರುತ್ತಿದ್ದೆ. ಅಲ್ಲಿನ ನೇಮಗಳು ನನಗೆ ನಿಧಾನವಾಗಿ ಗೊತ್ತಾದವು. ಅವರು ತಾವಾಗಿ ಏನನ್ನೂ ಎತ್ತಿಕೊಂಡು ತಿನ್ನುವುದಿಲ್ಲ, ಯಾರಾದರೂ ಬಟ್ಟಲಿಗೆ ನೀಡಬೇಕು. ಸೂರ್ಯ ನೆತ್ತಿ ದಾಟಿದ ಮೇಲೆ ಮರುದಿನ ಬೆಳಕು ಹರಿಯುವ ತನಕ ನೀರು ಬಿಟ್ಟು ಏನನ್ನೂ ಬಾಯಿಗೆ ಹಾಕುವುದಿಲ್ಲ. ಅಂಗಳದ ಬಂಡೆಯ ಮೇಲೆ ಹಿರಿಯ ಅಮ್ಮನವರು ಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದರು. ಮುಂದಿನ ಕಂಬದ ನೆರಳು ಆ ಗೆರೆ ದಾಟಿದರೆ ಅವತ್ತಿನ ಊಟದ ಹೊತ್ತು ಮುಗಿದಂತೆ. ನಾನು ಹೆತ್ತ ಮಗಳ ಮುಂದೆ ಬಾಗಿ, ಎರಡೂ ಕೈಯಿಂದ ಅವಳ ಬಟ್ಟಲಿಗೆ ಅನ್ನ ನೀಡುತ್ತಿದ್ದೆ. ಮೊದಲ ಸಲ ನಾಲ್ಕು ಅಗುಳು ಹೊರಗೆ ಚೆಲ್ಲಿದೆ. ಆಮೇಲೆ ಅದರಲ್ಲೇ ಒಂದು ಸುಖ ಹುಟ್ಟಿತು.

ಅಡುಗೆ ಮಾಡುತ್ತಿದ್ದವಳು ತಾಂಡಾದ ಒಬ್ಬ ಮುದುಕಿ. ಎಲ್ಲರೂ ಅವಳನ್ನು ಯಾಡಿ ಎನ್ನುತ್ತಿದ್ದರು, ಅವರ ಮಾತಿನಲ್ಲಿ ತಾಯಿ ಎಂದರ್ಥ. ತಾಂಡಾದ ದುಡಿಯುವವರೆಲ್ಲ ನಸುಕಿನಲ್ಲೇ ಗಣಿ ಕೆಲಸದ ಲಾರಿ ಹತ್ತಿ ಹೋಗುತ್ತಿದ್ದರಿಂದ ಭಿಕ್ಷೆಗೆ ಹೋದರೂ ಬಾಗಿಲಿಗೆ ಬೀಗ. ಹಾಗಾಗಿ ಯಾಡಿಯ ಒಲೆಯೇ ಆಧಾರ. ಆ ಒಲೆಗೆ ಹೊಗೆ ಹೋಗಲು ದಾರಿ ಇರಲಿಲ್ಲ. ಗೋಡೆ, ಸೂರು, ಹಾಸಿದ ಚಾಪೆ ಎಲ್ಲ ಕಪ್ಪು.

ಎರಡನೆಯ ವರ್ಷ ನಿಮ್ಮ ಅತ್ತೆಗೆ ಕೆಮ್ಮು ಹಿಡಿಯಿತು. ಕೆಮ್ಮಿ ಕೆಮ್ಮಿ ಉಸಿರು ಸಿಗದೆ ತುಟಿ ನೀಲಿಯಾಗುತ್ತಿತ್ತು. ಹೊಸಪೇಟೆಗೆ ಕರೆತಂದು ತೋರಿಸಿದೆವು. ಡಾಕ್ಟರು ಎದೆಯ ಫಿಲಂ ಬೆಳಕಿಗೆ ಹಿಡಿದು ನೋಡಿ ಹೇಳಿದರು: "ಔಷಧಿ ಕೊಡ್ತೀನಿ, ಆದ್ರ ಔಷಧಿಲಿಂದ ಆಗೋದಲ್ಲ ಇದು. ಒಂದು, ಆ ಮನಿ ಒಳಗ ಹೊಗಿ ನಿಲ್ಲಬೇಕು. ಇಲ್ಲಾಂದ್ರ ಈಕಿ ಗುಡ್ಡ ಇಳಿದು ಬರಬೇಕು."

ಗುಡ್ಡ ಇಳಿಯುವುದು ಎಂದರೆ ಆ ಬಟ್ಟೆ ಬಿಡುವುದು. ಒಬ್ಬಳೇ ಭಿಕ್ಷುಣಿ ಸಂಸಾರಿಗಳ ಮನೆಯಲ್ಲಿ ಇರುವಂತಿಲ್ಲ.  ಬಸ್ ಸ್ಟ್ಯಾಂಡಿನಲ್ಲಿ ಅವಳು, "ನಂಗ ಅಲ್ಲೇ ಇರಬೇಕವ್ವಾ. ಹೆಂಗಾರ ಮಾಡು" ಎಂದಳು. ಹುಟ್ಟಿದ ಮೇಲೆ ಅವಳು ನನ್ನನ್ನು ಏನಾದರೂ ಬೇಡಿದ್ದು ಅದೊಂದೇ.

ನಾನು, ಪಕ್ಕದ ಮನೆಯವರ ಜೊತೆ ಮಾತಾಡಲೂ ಸೆರಗು ಎಳೆದುಕೊಳ್ಳುವವಳು, ಹೊಸಪೇಟೆಯಲ್ಲಿ ಸೋಲಾರ್ ದೀಪ ಕೊಡುವ ಒಂದು ಸಂಸ್ಥೆಯ ಬಾಗಿಲಿಗೆ ಹೋಗಿ ನಿಂತೆ. ಬಹಳ ಹೊತ್ತು ನಿಂತಿದ್ದೆನೇನೋ, ಒಳಗಿನ ಹುಡುಗಿಯೇ ಎದ್ದು ಬಂದು "ಬರ್ರಿ ಅಮ್ಮಾರ, ಕುಂದ್ರಿ" ಎಂದಳು. ಎಲ್ಲ ಕೇಳಿದಳು. ಒಳ್ಳೆಯ ಹುಡುಗಿ. ಯುಗಾದಿ ಆದ ಮೇಲೆ ಅವಳೂ ಅವಳ ಜೊತೆಗಾರನೂ ಗುಡ್ಡಕ್ಕೆ ಬಂದರು, ಬಿಸಿಲು ಎಲ್ಲಿಂದೆಲ್ಲಿಗೆ ಬೀಳುತ್ತದೆ ಎಂದು ಅಂಗಳದಲ್ಲಿ ನಿಂತು ನೋಡಿದರು, ಬರೆದುಕೊಂಡರು. ಆಮೇಲೆ ದೀಪಕ್ಕೊಂದು ಪ್ಯಾನೆಲ್ಲು, ಬ್ಯಾಟರಿ, ಮತ್ತು ಎರಡು ಬಿಸಿಲೊಲೆಗಳು ಬಂದವು. ಬಿಸಿಲೊಲೆ ಎಂದರೆ ಒಳಗೆ ಕಪ್ಪು ಬಳಿದ ಪೆಟ್ಟಿಗೆ, ಮೇಲೆ ಗಾಜು, ಮುಚ್ಚಳಕ್ಕೆ ಕನ್ನಡಿ. ತಾಂಡಾದ ಹೆಂಗಸರು ತಲೆಯ ಮೇಲೆ ಹೊತ್ತು ತಂದರು.

ಯಾಡಿ ಸುತ್ತ ತಿರುಗಿ ನೋಡಿ, "ಇಷ್ಟ್ ದಿನ ನನ್ನ ಕೈಯಾಗ ಉಂಡು, ಈಗ ಸೂರ್ಯಾನ್ನ ಅಡಿಗಿಗೆ ಇಟ್ಕಂಡ್ರಿ. ಅವಗ ರಜಾ ಬೇಕಾದ್ರ ಏನ್ ಮಾಡ್ತೀರಿ?" ಎಂದಳು.

"ಅವತ್ತು ನೀನು ಬಾ ಯಾಡಿ," ಎಂದು ಹಿರಿಯ ಅಮ್ಮನವರು ನಕ್ಕರು. ಅವರು ಕಲಬುರಗಿ ಕಡೆಯವರು, ನಗು ದೊಡ್ಡದು.

ಆ ಬೇಸಿಗೆ ನನ್ನ ಬಾಳಿನ ಒಳ್ಳೆಯ ಕಾಲ. ಬೆಳಿಗ್ಗೆ ಅಕ್ಕಿ ಇಟ್ಟರೆ ನೆರಳು ಗೆರೆಗೆ ಬರುವುದರೊಳಗೆ ಅನ್ನ ಅರಳುತ್ತಿತ್ತು, ಬೇಳೆ ಬೆಣ್ಣೆಯಂತೆ ಆಗುತ್ತಿತ್ತು. ಅದಿರಿನ ಕೆಂಪು ಧೂಳು ಗಾಜಿನ ಮೇಲೆ ಕೂರುತ್ತಿತ್ತು. ನಿಮ್ಮ ಅತ್ತೆಯೇ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಹಳೆಯ ಒಲೆಯನ್ನು ಕಿತ್ತು, ಗೋಡೆಗೆ ಸುಣ್ಣ ಹೊಡೆದರು. ಅವಳ ಕೆಮ್ಮು ನಿಂತಿತು. ನಾನು ಪಕ್ಕದಲ್ಲಿ ಮಲಗಿ ಅವಳ ಉಸಿರಾಟ ಕೇಳುತ್ತಿದ್ದೆ, ಹಾಲು ಕುಡಿದು ಮಲಗಿದ ಕೂಸಿನ ಹಾಗೆ.

ಮಳೆಗಾಲದ ಮೋಡದಲ್ಲಿ ಸ್ವಲ್ಪ ತೊಂದರೆಯಾಯಿತು. ಅವಲಕ್ಕಿ ನೆನೆಸಿಕೊಂಡು, ಮಂಡಕ್ಕಿ ತಿಂದು ಕಳೆದರು. ಮೋಡ ಹೋಗುತ್ತದೆ ಎಂದುಕೊಂಡೆವು. ಮೋಡ ಹೋಯಿತು. ಆದರೆ ದೀಪಾವಳಿ ದಾಟುತ್ತಿದ್ದಂತೆ ಸೂರ್ಯ ದಕ್ಷಿಣಕ್ಕೆ ಸರಿದ. ಮನೆಗೆ ಮಗ್ಗುಲಾಗಿದ್ದ ಆ ದೊಡ್ಡ ಬಂಡೆ ಅಂಗಳಕ್ಕೆ ಬೆಳಗಿನ ಬಿಸಿಲೇ ಬಿಡಲಿಲ್ಲ. ಬೇಸಿಗೆಯಲ್ಲಿ ನೋಡಿ ಬರೆದುಕೊಂಡವರಿಗೆ ಇದು ಹೊಳೆದಿರಲಿಲ್ಲ, ನಮಗೂ ಹೊಳೆದಿರಲಿಲ್ಲ. ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಹನ್ನೊಂದು ಗಂಟೆ ಆಗಿರುತ್ತಿತ್ತು. ಅನ್ನ ಬೇಯುತ್ತಿತ್ತು, ಚೆನ್ನಾಗಿಯೇ ಬೇಯುತ್ತಿತ್ತು. ಆದರೆ ಗೆರೆ ದಾಟಿದ ಮೇಲೆ.

ಕಾರ್ತೀಕದಲ್ಲಿ ಹೋದಾಗ ನಾನು ಕಣ್ಣಾರೆ ಕಂಡೆ. ಪೆಟ್ಟಿಗೆ ತೆರೆದರೆ ಬಿಸಿ ಅನ್ನದ ಘಮ ಅಂಗಳವೆಲ್ಲ ತುಂಬಿತು. ನಾಲ್ವರೂ ಸಾಲಾಗಿ ಕುಳಿತಿದ್ದರು. ಹಿರಿಯರು ನೆರಳು ನೋಡಿದರು, ತಮ್ಮ ಬಟ್ಟಲಿನ ಮೇಲೆ ಅಂಗೈ ಮುಚ್ಚಿದರು. ಉಳಿದವರೂ ಮುಚ್ಚಿದರು. ಸೌಟು ನನ್ನ ಕೈಯಲ್ಲೇ ಉಳಿಯಿತು. ಯಾಡಿ ಪಾತ್ರೆ ಎತ್ತಿಕೊಂಡು ತಾಂಡಾದ ಮಕ್ಕಳಿಗೆಂದು ಹೊರಟಳು. "ದಿನಾ ಹಿಂಗ," ಎಂದಳು ನನಗೆ ಮಾತ್ರ ಕೇಳುವಂತೆ.

ಮೇಲಿನ ಬಂಡೆಯ ನೆತ್ತಿಗೆ ಬೇಗ ಬಿಸಿಲು ಬರುತ್ತದೆಂದು ಒಂದು ಪೆಟ್ಟಿಗೆಯನ್ನು ಅಲ್ಲಿಗೆ ಸಾಗಿಸಿದೆವು. ಮಂಗಗಳು ಬಂದು ಕನ್ನಡಿಯಲ್ಲಿ ಮುಖ ನೋಡಿಕೊಂಡವು, ಪಾತ್ರೆ ಉರುಳಿಸಿದವು, ಕೊನೆಗೆ ಗಾಜನ್ನೇ ಒಡೆದವು. ಇವತ್ತು ಬೆಂದದ್ದನ್ನು ನಾಳೆಗೆ ಇಟ್ಟರೆ ಎಂದು ನಾನು ಕೇಳಿದೆ. ಇಟ್ಟುಕೊಂಡು ತಿನ್ನುವಂತಿಲ್ಲ ಎಂದರು. "ನಾನೇ ಮನಿಗೆ ಒಯ್ದು ನಾಳಿ ತಂದು ನೀಡ್ತೀನಿ, ಆಗ ನಿಮ್ದು ಅಲ್ಲಲ್ಲ?" ಎಂದಳು ಯಾಡಿ. "ಆಗ ನಮ್ಮ ಉಗ್ರಾಣ ನಿನ್ನ ತಲಿ ಮ್ಯಾಲ ಇರ್ತದ, ಅಷ್ಟ ವ್ಯತ್ಯಾಸ," ಎಂದು ಹಿರಿಯರು ಅಂದರು. ಅವತ್ತು ನಗಲಿಲ್ಲ.

ಹೊಸಪೇಟೆಗೆ ಬಂದು ಆ ಹುಡುಗಿಗೆ ಹೇಳಿದೆ. ಅವಳು ಮೊದಲು ಅರ್ಥವಾಗದೆ, "ಒಂದ್ ತಾಸು ತಡ ಆದ್ರ ಏನಾಗ್ತತ್ರಿ ಅಮ್ಮಾರ? ಒಂದೂವರೆಗೆ ಉಣ್ಲಿ" ಎಂದಳು. ನಾನು ಮತ್ತೆ ಹೇಳಿದೆ. ಅವಳ ಮುಖ ಬಾಡಿತು. ಕರೆಂಟಿನ ಒಲೆ ಇಡಬೇಕಾದರೆ ದೊಡ್ಡ ದೊಡ್ಡ ಪ್ಯಾನೆಲ್ಲು ಬೇಕು, ಅದನ್ನು ನಿಲ್ಲಿಸಲು ಜಾಗದ ಕಾಗದ ಬೇಕು. ಕೇಳಿ ನೋಡುತ್ತೇನೆ ಎಂದಳು. ಕೇಳಿರಬಹುದು. ಅಲ್ಲಿಂದ ಮಾತು ಬರಲಿಲ್ಲ.

ಈಗ ನಿಮಗೆ ಅನ್ನಿಸಬಹುದು, ಮೂರು ಕಲ್ಲು ಇಟ್ಟು ಬೆಂಕಿ ಹಚ್ಚಿದರೆ ಆಗುತ್ತಿರಲಿಲ್ಲವೇ ಎಂದು. ಆಗುತ್ತಿತ್ತು. ಆದರೆ ಹೊರಗೆ ಹಚ್ಚಿದರೂ ಆ ಬಂಡೆಯ ಮಗ್ಗುಲಿನ ಗಾಳಿ ಹೊಗೆಯನ್ನೆಲ್ಲ ಮನೆಯೊಳಗೇ ತಳ್ಳುತ್ತಿತ್ತು. ಒಂದು ದಿನ ಹಚ್ಚಿ ನೋಡಿದೆವು, ಅವತ್ತು ಇಡೀ ದಿನ ಅವಳು ಗೋಡೆ ಹಿಡಿದು ಕೆಮ್ಮಿದಳು. ಆಮೇಲೆ ಹಿರಿಯರು ಬೆಂಕಿ ಹಚ್ಚಲು ಬಿಡಲೇ ಇಲ್ಲ. ಯಾಡಿ ತನ್ನ ಮನೆಯಲ್ಲೇ ಬೇಯಿಸಿ ತರುತ್ತೇನೆಂದದ್ದಕ್ಕೂ, ಈ ವಯಸ್ಸಿನಲ್ಲಿ ನಿನಗೆ ದಿನಾ ಹೊರೆ ಹೊರಿಸಿ ಗುಡ್ಡ ಹತ್ತಿಸಲಾರೆ ಎಂದರು. ನಾಲ್ವರೂ ಮಂಡಕ್ಕಿ, ಬಾಳೆಹಣ್ಣು, ನೆನೆದ ಅವಲಕ್ಕಿಯಲ್ಲಿ ದಿನ ನೂಕಿದರು, ಅದೂ ಇದ್ದರೆ. ಉಳಿದವರಲ್ಲಿ ಕಿರಿಯವಳ ಕೆನ್ನೆ ಒಳಗೆ ಹೋಯಿತು. ಯಾರೂ ನಿಮ್ಮ ಅತ್ತೆಯನ್ನು ದೂರಲಿಲ್ಲ. ದೂರಿದ್ದರೆ ಚೆನ್ನಾಗಿತ್ತು.

ಪುಷ್ಯಮಾಸದ ಒಂದು ದಿನ, ಬಟ್ಟಲುಗಳು ಮತ್ತೆ ಮುಚ್ಚಿದ ಮೇಲೆ, ನಿಮ್ಮ ಅತ್ತೆ ಹಿರಿಯರ ಮುಂದೆ ಹೋಗಿ ಕುಳಿತಳು.

"ನಾಳಿಂದ ಒಲಿ ಹಚ್ಚ್ರಿ."

"ಉಪವಾಸ ನಮಗೇನು ಹೊಸದಲ್ಲ ತಂಗಿ. ಯುಗಾದಿ ತನ ನೂಕಿದ್ರ ಬಿಸಿಲು ತಿರುಗಿ ಬರ್ತದ."

"ಮುಂದಿನ ವರ್ಷ ಮತ್ತ ಹೋಗ್ತತಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಾ ಇಲ್ಲಿರಾ ತನ ನೀವು ಹಚ್ಚಂಗಿಲ್ಲ. ನನ್ನ ಉಸಿರಿನ ಸಲುವಾಗಿ ಇವ್ರು ಒಣಗಿದ್ರ, ಇಲ್ಲಿ ಕುಂತು ನಾ ಏನಂತ ಧ್ಯಾನ ಮಾಡ್ಲಿ?"

ಹಿರಿಯರು ಅವಳ ತಲೆಯ ಮೇಲೆ ಕೈ ಇಟ್ಟರು. ಆಮೇಲೆ ಅವಳು ಅವರೆದುರು ಹೇಳಬೇಕಾದ ಮಾತು ಹೇಳಿದಳು, ಇನ್ನು ನನ್ನನ್ನು ಗೃಹಸ್ಥೆಯೆಂದು ತಿಳಿಯಿರಿ ಎಂದು. ಉಟ್ಟದ್ದನ್ನು ಬಿಚ್ಚಿ ಮಡಿಸಿ ಇಟ್ಟಳು. ಉಡಲು ನನ್ನ ಚೀಲದಲ್ಲಿದ್ದ ಸೀರೆ ಕೊಟ್ಟೆ. ಗಂಟು ಹಾಕುವುದು ಮರೆತುಹೋಗಿತ್ತು, ನಾನೇ ನೆರಿಗೆ ಹಿಡಿದು ಸಿಕ್ಕಿಸಿದೆ. ಇಳಿಯುವಾಗ ಯಾಡಿ ತಾಂಡಾದವರೆಗೂ ಬಂದಳು. ಸದಾ ಏನಾದರೊಂದು ಆಡುವವಳು ಅವತ್ತು ಸೆರಗಿನಿಂದ ಮೂಗು ಒರೆಸಿಕೊಂಡಳು, ಅಷ್ಟೇ. ಬಸ್ಸಿನಲ್ಲಿ ಜನ ಬೋಳು ತಲೆ, ಹೂವಿನ ಸೀರೆ ಎರಡನ್ನೂ ನೋಡುತ್ತಿದ್ದರು. ಅವಳು ಕಿಟಕಿಯ ಕಡೆಗೂ ನೋಡಲಿಲ್ಲ.

ನಮ್ಮ ಓಣಿಯವರು ಬಂದು ನನ್ನ ಕೈ ಹಿಡಿದು, "ಹೋದ ಮಗಳು ಮನಿಗೆ ಬಂದ್ಲಲ್ಲ, ಭಾಳ ಪುಣ್ಯ ಮಾಡೀದಿ ಬಿಡವ್ವಾ" ಎಂದರು. ನಾನು ತಲೆಯಾಡಿಸಿದೆ. ಅವಳ ಎದೆ ಈಗ ಚೆನ್ನಾಗಿದೆ. ಡಾಕ್ಟರಿಗೆ ಸಂತೋಷ. ಕೂದಲು ಬೆಳೆದು ಜಡೆಯಾಗಿದೆ. ಪುಟ್ಟಕ್ಕನಿಗೆ ಜಡೆ ಹಾಕುತ್ತಾಳೆ, ಇಬ್ಬರಿಗೂ ಟಿಫನ್ ಕಟ್ಟುತ್ತಾಳೆ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾಳೆ. ಆದರೆ ಆ ಹೊಳೆಯ ದಂಡೆಯಿಂದ ಎದ್ದು ಬಂದವಳು ಇವಳಲ್ಲ. ಅವಳನ್ನು ನಾನು ಎಲ್ಲಿ ಹುಡುಕಲಿ? ಉಸಿರು ಉಳಿಸಲು ಹೋಗಿ ಅದನ್ನಷ್ಟೇ ಉಳಿಸಿದೆವು.

ಮೊನ್ನೆ ಯಾಡಿ ಯಾರದೋ ಫೋನಿನಿಂದ ಮಾಡಿದ್ದಳು. ದೀಪ ಚೆನ್ನಾಗಿ ಉರಿಯುತ್ತದಂತೆ. ಉಳಿದ ಪೆಟ್ಟಿಗೆಯಲ್ಲಿ ಮೆಣಸಿನಕಾಯಿ ಒಣಗಿಸುತ್ತಾರಂತೆ. ಗೋಡೆ ಮತ್ತೆ ಕಪ್ಪಾಗಿದೆಯಂತೆ. ನಿಮ್ಮ ಅತ್ತೆ ಫೋನು ಇಸಿದುಕೊಂಡು ಒಂದೇ ಮಾತು ಕೇಳಿದಳು: "ಊಟ ಹೊತ್ತಿಗೆ ಆಗ್ತತೇನು?"

"ಹತ್ತಕ್ಕ ಅನ್ನ ಇಳಿಸ್ತೀನಿ ಮಗಳ, ಜಲ್ದಿ ಆಗ್ತತಿ."

"ಹ್ಞಾ," ಎಂದು ಫೋನು ನನ್ನ ಕೈಗಿಟ್ಟು ಹಿತ್ತಲಿಗೆ ಹೋದಳು. ಕತ್ತಲಾಗುವ ತನಕ ಅಲ್ಲಿಯೇ ಇದ್ದಳು. ನಾನು ಹೋಗಿ ಕರೆಯಲಿಲ್ಲ. 

ಈ ಹಾಳೆಗಳು ಅವಳ ಕಣ್ಣಿಗೆ ಬೀಳುವುದು ಬೇಡ. ಹಳೇ ಪೇಪರಿನವನು ಬಂದಾಗ ತೂಕಕ್ಕೂ ಹೋಗಬಾರದು. ಪುಟ್ಟಕ್ಕಾ, ನೀನು ದೊಡ್ಡವಳು, ನಿನ್ನ ಬಟ್ಟೆಯ ಕೆಳಗೆ ಮಡಿಸಿ ಇಟ್ಟುಕೋ. ಚಿನ್ನುವಿಗೆ ಓದಿ ಅರ್ಥವಾಗುವ ವಯಸ್ಸು ಬಂದಾಗ ಅವನಿಗೂ ಕೊಡು. ಮಳೆ ಸೋರುವ ಮೂಲೆಯಲ್ಲಿ ಮಾತ್ರ ಇಡಬೇಡಿ.