ಗುರುಬಸಮ್ಮನ ಹತ್ತು ಪುಸ್ತಕಗಳು

ಬೆಳಿಗ್ಗೆ ಆರು ಗಂಟೆ. ಕುಂತೂರಿನ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳು ಆಗಲೇ ಸಾಲುಗಟ್ಟಿವೆ. ಪಂಚಾಯಿತಿ ಗ್ರಂಥಾಲಯದ ಬೀಗ ತೆಗೆದು, ಗ್ರಂಥಪಾಲಕಿ ಗುರುಬಸಮ್ಮ ಮೂಲೆಯ ಕಪಾಟಿನ ಪುಸ್ತಕಗಳನ್ನು ಬಟ್ಟೆ ಚೀಲಕ್ಕೆ ತುಂಬುತ್ತಿದ್ದಾರೆ. ಪುಸ್ತಕಕ್ಕೊಂದು ಬೆರಳು ಮಡಚುತ್ತಾ ಎಣಿಸುತ್ತಾರೆ. ಎಂಟಕ್ಕೆ ಬೆರಳು ಮುಗಿಯುತ್ತವೆ. ಉಳಿದೆರಡಕ್ಕೆ ಮತ್ತೆ ಮೊದಲ ಬೆರಳಿಗೇ ಬರುತ್ತಾರೆ. ಅವರ ಬಲಗೈಯಲ್ಲಿ ತೋರುಬೆರಳೂ ನಡುಬೆರಳೂ ಇಲ್ಲ.

ಚೀಲ ಹೊತ್ತು ಒಂದು ಮೈಲಿ ನಡೆದರೆ ಮುತ್ತಯ್ಯನ ವೆಲ್ಡಿಂಗ್ ಅಂಗಡಿ. ಮೇವು ಕತ್ತರಿಸುವ ಯಂತ್ರಗಳನ್ನು ಮಾಡುವುದರಲ್ಲಿ ಅವರದು ಪಳಗಿದ ಕೈ, ಅಕ್ಷರ ಮಾತ್ರ ಅಷ್ಟಕ್ಕಷ್ಟೇ. ಅವರು ಟೀ ಕುಡಿಯುವ ಹೊತ್ತಿನಲ್ಲಿ ಗುರುಬಸಮ್ಮ ಓದಿ ಹೇಳುತ್ತಾರೆ. ಚಿತ್ರ ಬಂದರೆ ಮುತ್ತಯ್ಯ ಎಣ್ಣೆಗೈಯಲ್ಲೇ ಪುಸ್ತಕ ಎಳೆದುಕೊಳ್ಳುತ್ತಾರೆ. ಓದುಗರಿಗೆ ಗ್ರಂಥಾಲಯ ತೆರೆಯುವಷ್ಟರಲ್ಲಿ ಇಂಥ ಮೂರು ಅಂಗಡಿಗಳ ಸುತ್ತು ಮುಗಿಯಬೇಕು.

ಹತ್ತೂ ಪುಸ್ತಕಗಳು ದಿನಬಳಕೆಯ ಸಾಮಾನು, ಯಂತ್ರಗಳನ್ನು ಹೇಗೆ ರೂಪಿಸಬೇಕೆಂದು ಹೇಳುವಂಥವು. ಕೊಳ್ಳೇಗಾಲದ ಮೇಷ್ಟ್ರೊಬ್ಬರು ಮನೆ ಖಾಲಿ ಮಾಡುವಾಗ ಕೊಟ್ಟು ಹೋದದ್ದು. ಯಾವುದರ ನಂತರ ಯಾವುದನ್ನು ಓದಬೇಕೆಂದು ಗುರುಬಸಮ್ಮ ರಟ್ಟಿನ ಮೇಲೆ ಬರೆದು ಅಂಗಡಿಯ ಗೋಡೆಗೆ ನೇತುಹಾಕಿದ್ದಾರೆ. ಯಂತ್ರದ ಅಪಘಾತಗಳದ್ದು ಮೊದಲು, ಮನುಷ್ಯರ ಮೈಯಳತೆಯದ್ದು ಎರಡನೆಯದು. ಬಣ್ಣ, ಆಕಾರ, ಅಂದ ಎಲ್ಲ ಹತ್ತನೆಯ ಪುಸ್ತಕಕ್ಕೆ.

"ಚೆಂದ ಕಡೀಕೆ ನೋಡ್ಕಳವಾ ಕಣ್ರಿ. ಮೊದ್ಲು ಕೈ ಉಳೀಲಿ," ಎನ್ನುತ್ತಾರೆ.

ಈ ಮಾತು ಬಾಯಿಮಾತಿಗೆ ಬಂದದ್ದಲ್ಲ. ಯಳಂದೂರಿನ ಕಡೆಯ ಹಳ್ಳಿಯೊಂದಕ್ಕೆ ಸೊಸೆಯಾಗಿ ಹೋದಾಗ ಅವರಿಗೆ ಇಪ್ಪತ್ತೆರಡು. ಸಂಜೆ ಹಸುಗಳಿಗೆ ಹುಲ್ಲು ಕತ್ತರಿಸುವಾಗ ಯಂತ್ರದ ಬಾಯಲ್ಲಿ ಸಿಕ್ಕಿಕೊಂಡ ಹಿಡಿ ಹುಲ್ಲನ್ನು ತಳ್ಳಲು ಹೋದರು. ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಬೆರಳು ಹೋಗಿದ್ದವು. ಆಸ್ಪತ್ರೆಗೆ ನೋಡಲು ಬಂದವರೆಲ್ಲ ಕೇಳಿದ್ದು ಒಂದೇ: ಗ್ಯಾನ ಎಲ್ಲಿಟ್ಟಿದ್ದೆ? ಹದಿನೆಂಟು ವರ್ಷ ಅವರೂ ಅದನ್ನೇ ನಂಬಿದ್ದರು. ಆಮೇಲೆ, ಅವರು ಕೆಲಸಕ್ಕೆ ಸೇರಿದ್ದ ಈ ಗ್ರಂಥಾಲಯಕ್ಕೆ ಮೇಷ್ಟ್ರ ಪುಸ್ತಕಗಳು ಬಂದವು.

"ಕೈ ಓಗೋವಂಗೆ ಮಿಷಿನ್ ಮಾಡಿದ್ರೆ ತಪ್ಪು ಮಿಷಿನ್ದು ಅಂತ ಬರೆದಿತ್ತು. ಊರೆಲ್ಲ ನಂದೇ ತಪ್ಪು ಅಂದಿದ್ರು. ನಿಂದಲ್ಲ ಕಣವ್ವ ಅಂದಿದ್ದು ಆ ಪುಸ್ತಕ ಒಂದೇಯ. ಕಪಾಟಿನ್ ಸಂದೀಲಿ ನಿಂತ್ಕಂಡು ಅತ್ತುಬುಟ್ಟೆ."

ಮರುದಿನವೇ ಆ ಪುಸ್ತಕ ಮುತ್ತಯ್ಯನ ಅಂಗಡಿಗೆ ಬಂತು. ಹುಲ್ಲು ಒಳಹೋದರೂ ಕೈ ಬ್ಲೇಡಿಗೆ ಎಟುಕದಂತೆ ಅವರು ಯಂತ್ರದ ಬಾಯಿಗೆ ಮೂರಡಿ ಉದ್ದದ ತಗಡಿನ ಮುಚ್ಚಳ ಮಾಡಿ, ಬೋಲ್ಟು ಹಾಕಿ ಬಿಗಿದರು. ಹನೂರಿನ ಮನೆಯೊಂದಕ್ಕೆ ಹೋದ ಆ ಯಂತ್ರವನ್ನು ತಿಂಗಳು ಬಿಟ್ಟು ನೋಡಿದರೆ ಮುಚ್ಚಳ ಹಟ್ಟಿಯ ಮೂಲೆಯಲ್ಲಿ ಕೋಳಿಗಳಿಗೆ ನೀರಿಡುವ ತೊಟ್ಟಿಯಾಗಿತ್ತು! ಹುಲ್ಲು ಸಿಕ್ಕಿಕೊಂಡಾಗಲೆಲ್ಲ ಸ್ಪ್ಯಾನರ್ ಹುಡುಕುವವರು ಯಾರು ಎಂದು ಆ ಮನೆಯ ಶಿವಮ್ಮ ಕಿತ್ತೆಸೆದಿದ್ದರು. ಮುತ್ತಯ್ಯನಿಗೆ ಕೋಪ ನೆತ್ತಿಗೇರಿತು.

"ಬೈಬ್ಯಾಡ ಕಣಪ್ಪ. ಯಾಕೆ ಕಿತ್ತಾಕಿದ್ರು ಅಂತ ಕೇಳು ಅಂತದೆ ಪುಸ್ತಕ," ಎಂದರು ಗುರುಬಸಮ್ಮ. ಈಗ ಮುಚ್ಚಳಕ್ಕೆ ಬಾಗಿಲಿನಂತೆ ತಿರುಗಣಿ ಇದೆ. ಎತ್ತಿದರೆ ಚಕ್ರ ತಾನಾಗಿ ನಿಲ್ಲುತ್ತದೆ. ಹೀಗೆ ಮಾಡಿದ ನಲವತ್ತಮೂರು ಯಂತ್ರಗಳು ಈವರೆಗೆ ಊರೂರು ಸೇರಿವೆ, ಒಂದರ ಮುಚ್ಚಳವನ್ನೂ ಯಾರೂ ಕಿತ್ತಿಲ್ಲ.

ಇಷ್ಟಾದರೂ ಈ ಕಪಾಟು ಕಳೆದ ವಾರ ರದ್ದಿಗೆ ಹೋಗುವುದರಲ್ಲಿತ್ತು. ಮೂರು ವರ್ಷ ಯಾರೂ ಎರವಲು ಪಡೆಯದ ಪುಸ್ತಕಗಳನ್ನು ತೆಗೆಯಬೇಕೆಂದು ಆದೇಶ ಬಂದಿತ್ತು. ತಪಾಸಣೆಗೆ ಬಂದ ಅಧಿಕಾರಿ ಸದಾಶಿವಪ್ಪ ರಿಜಿಸ್ಟರ್ ತೆರೆದರೆ, ಈ ಹತ್ತರ ಎದುರೂ ಖಾಲಿ.

"ಒಬ್ರೂ ತಗೊಂಡಿಲ್ವಲ್ಲಮ್ಮ. ಸಾಲದ್ದಕ್ಕೆ ಪುಟಪುಟಕ್ಕೂ ಎಣ್ಣೆ ಕಲೆ!"

"ನಾನೇ ಒತ್ಕಂಡೋಯ್ತೀನಿ, ನಾನೇ ತತ್ತೀನಿ ಸಾ. ಇಲ್ಲದ ಎಸರ ಎಂಗೆ ಬರೀಲಿ?"

ಯಾವುದಾದರೂ ನಾಲ್ಕು ಹೆಸರು ಗೀಚಿದ್ದರೆ ಈ ಪೇಚೇ ಇರಲಿಲ್ಲ. ಅದು ಅವರಿಗೆ ಹೊಳೆದಿರಲೂ ಇಲ್ಲ. ವಾದ ಮಾಡದೆ ಸಾಹೇಬರನ್ನು ಮುತ್ತಯ್ಯನ ಅಂಗಡಿಗೆ ಕರೆದೊಯ್ದರು. ಮಾರ್ಟಳ್ಳಿಗೆ ಹೊರಟ ಯಂತ್ರವೊಂದು ಅಂಗಳದಲ್ಲಿತ್ತು. ಸದಾಶಿವಪ್ಪ ಬಗ್ಗಿ ಅದರ ಬಾಯೊಳಗೆ ಕೈ ಚಾಚಿದರು. ತೋಳು ಭುಜದವರೆಗೂ ಒಳಹೋಯಿತು.

"ಬ್ಲೇಡು ಸಿಕ್ತಾನೇ ಇಲ್ವಲ್ರೀ!"

"ಸಿಕ್ಕಬಾರ್ದು ಅಂತ್ಲೇ ಅಲ್ವಾ ಸಾ, ಅಕ್ಕ ದಿನಾ ಬಂದು ಓದಿದ್ದು," ಎಂದರು ಮುತ್ತಯ್ಯ.

ಸದಾಶಿವಪ್ಪ ನಿಧಾನಕ್ಕೆ ಕೈ ಹೊರತೆಗೆದು, ಗುರುಬಸಮ್ಮನ ಬಲಗೈ ನೋಡಿದರು. ಗ್ರಂಥಾಲಯಕ್ಕೆ ಮರಳಿ, ರದ್ದಿಯ ಪಟ್ಟಿಯಿಂದ ಹತ್ತೂ ಪುಸ್ತಕಗಳನ್ನು ಹೊಡೆದುಹಾಕಿದರು. ಅಂಗಡಿಯಲ್ಲಿ ಕೇಳಿಸಿಕೊಂಡವರೂ ಓದುಗರೇ, ಅವರ ಹೆಸರೂ ಬರೆಯಿರಿ ಎಂದು ಹೇಳಿ ಹೋದರು.

ಇವತ್ತು ರಿಜಿಸ್ಟರೂ ಚೀಲ ಸೇರಿದೆ. ಯಂತ್ರ ಕೊಂಡ ಮನೆ ದಾರಿಯಲ್ಲಿ ಸಿಕ್ಕರೆ ಗುರುಬಸಮ್ಮ ಬಾಗಿಲಲ್ಲೇ ನಿಂತು, "ಬೆರಳು ಎಲ್ಲಾ ಅವಾ?" ಎಂದು ಕೂಗಿ ಕೇಳುತ್ತಾರೆ. ಒಳಗಿದ್ದವರು ನಗುತ್ತಾ ಎರಡೂ ಕೈ ಎತ್ತಿ ತೋರಿಸುತ್ತಾರೆ. ಇದೊಂದು ವಾಡಿಕೆಯೇ ಆಗಿಹೋಗಿದೆ.

ನಿಮ್ಮ ಆಸೆ ಏನಮ್ಮ ಎಂದರೆ ಚೀಲವನ್ನು ಹೆಗಲಿಗೇರಿಸುತ್ತಾ ಹೇಳುತ್ತಾರೆ: "ಇನ್ನ್ಯಾವ ಎಣ್ಮಗಳೂ ಎಣಿಸ್ತಾ ಎಣಿಸ್ತಾ ಎಂಟಕ್ಕೇ ನಿಲ್ಬಾರ್ದು ಕಣ್ರಿ."