ಯಡಿಯೂರಿನಲ್ಲಿ ಎದ್ದು ನಿಂತ ಆ ಒಂದು ನಿಮಿಷ

ನಾನು ಒಬ್ಬ ಮನುಷ್ಯನನ್ನು ಗಲ್ಲಿಗೇರಿಸಿದ್ದೇನೆ — ಬರೀ ನಾಲಿಗೆಯಿಂದ. ನಿಜದಲ್ಲಿ ಅವರು ವಯಸ್ಸಾಗಿ, ಮನೆಯ ಹಾಸಿಗೆಯಲ್ಲೇ ತೀರಿಕೊಂಡವರು. ಯಡಿಯೂರಿನ ನಮ್ಮ ಬಡಾವಣೆಯವರಿಗೆ ಮಾತ್ರ ಇವತ್ತಿಗೂ ಹುತಾತ್ಮರು.

ತೊಂಬತ್ತರ ದಶಕ. ನಮ್ಮ ಮಹಡಿಯ ರೂಮಿನಲ್ಲಿ ರಮೋನ್ ಎಂಬ ಫಿಲಿಪೀನ್ಸ್‌ನ ಹುಡುಗ ಬಾಡಿಗೆಗಿದ್ದ. ಹಲ್ಲಿನ ಡಾಕ್ಟರಿಕೆ ಓದುತ್ತಿದ್ದ. ಅವನ ಮುತ್ತಜ್ಜ ಸ್ಪೇನಿನವರ ವಿರುದ್ಧ ಬಂದೂಕು ಹಿಡಿದವರು, ಆಮೇಲೆ ಅಮೆರಿಕನ್ನರ ವಿರುದ್ಧವೂ. ಆಗಸ್ಟ್ ಹದಿನೈದಕ್ಕೆ ಪಾರ್ಕಿನಲ್ಲಿ ಆ ಕಥೆ ಹೇಳಲು ಅವನನ್ನು ಕರೆದೆವು. ಅವನು ಇಂಗ್ಲಿಷಿನಲ್ಲಿ ಹೇಳುವುದು, ಇಂಗ್ಲಿಷ್ ಮೇಷ್ಟ್ರಾದ ನಾನು ಕನ್ನಡದಲ್ಲಿ ಹೇಳುವುದು.

ಅರ್ಧದವರೆಗೆ ಸರಿಯಾಗಿಯೇ ಹೇಳಿದೆ. ಕಾಡು, ಹಸಿವು, ಕಾಲಿಗೆ ಬಿದ್ದ ಗುಂಡು — ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಆಗ ರಮೋನ್ ತಲೆ ತಗ್ಗಿಸಿ ಮುಂದುವರಿಸಿದ: ಮುತ್ತಜ್ಜ ಕೊನೆಗೆ ಶರಣಾದರು, ಅಮೆರಿಕನ್ನರಿಗೆ ನಿಷ್ಠೆಯ ಪ್ರಮಾಣ ಮಾಡಿದರು, ಅವರ ಕೈಕೆಳಗೇ ತಮ್ಮ ಪ್ರಾಂತ್ಯದ ಗವರ್ನರ್ ಆದರು, ಶಾಲೆ ಕಟ್ಟಿಸಿದರು, ಊರಿಗೆ ಕುಡಿಯುವ ನೀರು ತಂದರು.

ಮುಂದಿನ ಸಾಲಿನಲ್ಲಿ ನಂಜುಂಡಯ್ಯನವರಿದ್ದರು. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡವರು. ಬ್ರಿಟಿಷರ ನೌಕರಿ ಮಾಡಿದ ಸ್ವಂತ ತಮ್ಮನ ಮನೆಯಲ್ಲಿ ನೀರೂ ಮುಟ್ಟದವರು. ಅವರ ಮುಖ ನೋಡಿದೆ. ಹೆದರಿದೆ — ಸಭೆ ಕೆಟ್ಟೀತೆಂದೋ, ನನ್ನ ಹೆಸರು ಕೆಟ್ಟೀತೆಂದೋ... ನನ್ನ ಹೆಸರೇ ಇರಬೇಕು. "ಕೊನೆಗೆ ಅವರನ್ನ ಗಲ್ಲಿಗೇರಿಸಿದ್ರು" ಅಂದುಬಿಟ್ಟೆ.

ನಂಜುಂಡಯ್ಯನವರು ಕೋಲೂರಿ ಎದ್ದರು. "ಏಳ್ರಪ್ಪಾ, ಒಂದ್ ನಿಮಿಷ ಮೌನ ಆಚರಿಸೋಣ." ಇಡೀ ಪಾರ್ಕು ಎದ್ದು ನಿಂತಿತು. ರಮೋನ್ ಏನೂ ತಿಳಿಯದೆ ನನ್ನತ್ತ ನೋಡಿದ. ನಿನ್ನ ಮುತ್ತಜ್ಜನಿಗೆ ಗೌರವ ಕೊಡುತ್ತಿದ್ದಾರೆ ಎಂದು ಪಿಸುಗುಟ್ಟಿದೆ. ಮೌನ ಮುಗಿದ ಮೇಲೆ ನಂಜುಂಡಯ್ಯನವರು ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು.

ಮನೆಗೆ ಬರುವಾಗ ಹುಡುಗ ಬಿಕ್ಕಿ ಬಿಕ್ಕಿ ಅತ್ತ. ಅವನ ಇಂಗ್ಲಿಷಿನ ಮಾತು ಇಷ್ಟು: "ಅಂಕಲ್, ಆ ಅಧಿಕಾರ ತಗೊಂಡಿದ್ದಕ್ಕೆ ನಮ್ಮೂರಲ್ಲಿ ಇನ್ನೂ ನಮ್ಮನ್ನ ದ್ರೋಹಿಗಳ ಮನೆಯವ್ರು ಅಂತಾರೆ. ಇಲ್ಲಿ ಎಲ್ಲಾ ಗೊತ್ತಾದ್ಮೇಲೂ ಎದ್ದು ನಿಂತ್ರಲ್ಲ! ಅಜ್ಜಿಗೆ ಈಗ್ಲೇ ಹೇಳ್ಬೇಕು." ತಿಲಕ್ ನಗರದ ಫೋನ್ ಬೂತಿನ ಹೊರಗೆ ನಾನೇ ಕಾದು ನಿಂತೆ. ಗಾಜಿನಾಚೆ ಅವನು ಅಳುತ್ತ ನಗುತ್ತಿದ್ದ. ಬಾಗಿಲು ತಟ್ಟಬಹುದಿತ್ತು — ತಟ್ಟಲಿಲ್ಲ.

ನಂಜುಂಡಯ್ಯನವರು ತೀರಿಕೊಂಡರು. ರಮೋನನ ಅಜ್ಜಿಯೂ ಹೋದರು — ದೂರದ ಒಂದೂರು ತನ್ನ ತಂದೆಯನ್ನು ಕ್ಷಮಿಸಿತು ಎಂದು ನಂಬಿಕೊಂಡೇ.

ಈಗ ಅವನಿಂದ ಇ-ಮೇಲ್ ಬಂದಿದೆ. ಬರುವ ಆಗಸ್ಟ್ ಹದಿನೈದಕ್ಕೆ ಮಗಳನ್ನು ಕರೆದುಕೊಂಡು ಬರುತ್ತಾನಂತೆ. ಆ ಜನಕ್ಕೆ ಧನ್ಯವಾದ ಹೇಳಬೇಕಂತೆ. ಕನ್ನಡದಲ್ಲಿ ನಾನೇ ಹೇಳಬೇಕಂತೆ. ಓದಿದಾಗಿನಿಂದ ಗೇಟು ಸದ್ದಾದರೂ ಬೆಚ್ಚಿಬೀಳುತ್ತೇನೆ.

ಸುಳ್ಳು ಹೇಳಿದ್ದು ಕನ್ನಡದಲ್ಲಿ. ಅದಕ್ಕೇ ಮೊದಲು ನಿಮಗೆ, ಅಂದು ಎದ್ದು ನಿಂತವರಿಗೆ, ಬರೆಯುತ್ತಿದ್ದೇನೆ. ಅವನು ಬಂದಿಳಿದ ದಿನವೇ ಅವನಿಗೂ ಹೇಳುತ್ತೇನೆ. ಆಮೇಲೆ ಅದೇ ಪಾರ್ಕಿನಲ್ಲಿ, ಅಂದು ನುಂಗಿದ ಅರ್ಧ ಕಥೆಯನ್ನು ಹೇಳುತ್ತೇನೆ — ಶರಣಾಗತಿ, ಪ್ರಮಾಣ, ಶಾಲೆ, ನೀರು. ಆಗ ಯಾರು ಏಳುತ್ತೀರೋ, ಯಾರು ಕೂತೇ ಇರುತ್ತೀರೋ ನನಗೆ ಗೊತ್ತಿಲ್ಲ. ರಮೋನ್ ಮಗಳ ಕೈ ಹಿಡಿದುಕೊಂಡು ನಿಮ್ಮನ್ನೇ ನೋಡುತ್ತಿರುತ್ತಾನೆ.