ಕೆಂಪು ಪಟ್ಟಿ

ಹೆರಿಗೆ ವಾರ್ಡಿನಲ್ಲಿ ದೊಡ್ಡ ಸಿಸ್ಟರ್ ಎಂದರೆ ಎಲ್ಲರಿಗೂ ನಡುಕ. ಇಪ್ಪತ್ತಾರು ವರ್ಷದ ಸರ್ವೀಸು, ಕಡ್ಡಿಯಂಥ ಮೈ, ಹರಿತವಾದ ನಾಲಿಗೆ. ಡ್ರಿಪ್ಪಿಗೆ ನೋವು ಬರಿಸುವ ಔಷಧಿ ಬೆರೆಸಿ ಹನಿ ಹೊಂದಿಸುವುದರಲ್ಲಿ ಅವರದು ಎತ್ತಿದ ಕೈ. ದಪ್ಪ ಹೆಂಗಸರಿಗೆ 'ಲಾರಿ' ಎಂದು ಹೆಸರಿಟ್ಟವರೂ ಅವರೇ. "ಮೂರನೇ ಬೆಡ್ಡಿಗೆ ಲಾರಿ ಬಂತು, ಏರು ಹತ್ತೋಕೆ ಸಂಜೆ ಆಗತ್ತೆ" ಎಂದರೆ ಕಿರಿಯ ನರ್ಸುಗಳು ಬಿದ್ದು ಬಿದ್ದು ನಗುತ್ತಿದ್ದರು. ನಗದವರ ರಜೆ ಮಂಜೂರಾಗುತ್ತಿರಲಿಲ್ಲ.

ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ತೂಕದವರಿಗೆ ಆ ಔಷಧಿ ನಿಧಾನಕ್ಕೆ ಹಿಡಿಯುತ್ತದೆ. ಹನಿ ಏರಿಸುತ್ತಾ ಕಾಯಬೇಕು. ಕಾಯಲು ಡಾಕ್ಟರಮ್ಮನಿಗೆ ಪುರುಸೊತ್ತಿಲ್ಲ. ನಾಲ್ಕು ಗಂಟೆಯಲ್ಲಿ ಹೆರಿಗೆ ಮುಂದುವರಿಯದಿದ್ದರೆ ಆಪರೇಷನ್. ಸಿಬ್ಬಂದಿಯ ಮನೆಯವರಿಗೆ ಮಾತ್ರ ರಿಯಾಯಿತಿ. ಫೈಲಿನ ಮೇಲೆ ಕೆಂಪು ಟೇಪಿನ ಪಟ್ಟಿ ಕಂಡರೆ ಡಾಕ್ಟರಮ್ಮ ಇನ್ನೂ ನಾಲ್ಕು ಗಂಟೆ ಕಾಯುತ್ತಿದ್ದರು. ಟೇಪಿನ ಸುರುಳಿ ಇರುತ್ತಿದ್ದುದು ದೊಡ್ಡ ಸಿಸ್ಟರ್ ಜೇಬಿನಲ್ಲಿ.

ವಾರ್ಡಿನ ತಮ್ಮ ಬೀರುವಿನ ಬಾಗಿಲಿಗೆ ಅವರು ಮಗಳ ಫೋಟೋ ಅಂಟಿಸಿದ್ದರು, ಎಂಟು ವರ್ಷದ ತೆಳ್ಳನೆಯ ಹುಡುಗಿ. ಆಮೇಲೆ ಮಗಳು ದಪ್ಪಗಾದಳು. ತಾಯಿ ಫೋಟೋ ಬದಲಿಸಲಿಲ್ಲ, ಮಗಳನ್ನು ಆಸ್ಪತ್ರೆಯ ಗೇಟು ದಾಟಿಸಲಿಲ್ಲ. ಅವಳ ಮದುವೆಗೂ ಜೊತೆಯವರನ್ನು ಕರೆಯದೆ, "ಸಿಂಪಲ್ಲಾಗಿ ಮುಗಿಸಿದ್ವಿ" ಎಂದುಬಿಟ್ಟರು. ಹೆತ್ತ ಮಗಳ ಬಗ್ಗೆ ಇಷ್ಟು ನಾಚಿಕೆಯೇ ಎಂದರೆ, ಹೌದು, ಇಷ್ಟೇ.

ಹೆರಿಗೆಗೆ ಬೇರೆ ಆಸ್ಪತ್ರೆ ಗೊತ್ತುಮಾಡಿದ್ದರು. ಆದರೆ ಒಂದು ಬೆಳಿಗ್ಗೆ, ದಿನ ತುಂಬುವ ಮೊದಲೇ ನೀರು ಹೋಯಿತು. ಗಾಬರಿಬಿದ್ದ ಅಳಿಯ ಹತ್ತಿರವಿದ್ದ ಈ ಆಸ್ಪತ್ರೆಗೇ ತಂದು ಸೇರಿಸಿದ. ಅವನನ್ನು ಹೊರಗೆ ನಿಲ್ಲಿಸಿದರು.

"ಸಿಸ್ಟರ್, ಮೂರನೇ ಬೆಡ್ಡು. ಲಾರಿ ಅಲ್ಲ, ರೈಲೇ ಬಂದಿದೆ" ಎಂದಳು ಕಿರಿಯ ನರ್ಸು.

ದೊಡ್ಡ ಸಿಸ್ಟರ್ ನಗುತ್ತಲೇ ಪರದೆ ಸರಿಸಿದರು. ಮಲಗಿದ್ದವಳು ತಮ್ಮ ಮಗಳು. ನಗು ತಕ್ಷಣ ನಿಲ್ಲಲಿಲ್ಲ, ಅದನ್ನೂ ಮಗಳು ನೋಡಿದಳು.

ಡ್ರಿಪ್ಪನ್ನು ಅವರೇ ಹಾಕಿದರು, ಬೇರೆಯವರಿಗೆ ಮುಟ್ಟಲು ಬಿಡಲಿಲ್ಲ. ಅರ್ಧ ಗಂಟೆಗೊಮ್ಮೆ ಹನಿ ಏರಿಸಿದರು. ನಾಲ್ಕನೇ ಗಂಟೆಯ ಹೊತ್ತಿಗೆ ನೋವು ಆಗಷ್ಟೇ ಬಿಗಿಯಾಗತೊಡಗಿತ್ತು. ಮಗುವಿನ ಎದೆಬಡಿತ ಚೆನ್ನಾಗಿತ್ತು.

"ಅಮ್ಮಾ, ಕೊಯ್ಯೋದು ಬೇಡ ಅನ್ನು. ಇನ್ನೊಂದಿಷ್ಟು ಹೊತ್ತು ಕೇಳು. ನೀನು ಹೇಳಿದ್ರೆ ಕಾಯ್ತಾರಂತೆ" ಎಂದು ಮಗಳು ಪಿಸುಗುಟ್ಟಿದಳು.

ಡಾಕ್ಟರಮ್ಮ ಬಂದರು. ಹಿಂದೆ ಮೂವರು ನರ್ಸುಗಳು, ಮುಖದಲ್ಲಿ ಇನ್ನೂ ಆರದ ನಗು. "ನಮ್ಮವರಾ ಇವರು?" ಎಂದು ಡಾಕ್ಟರಮ್ಮ ಎಂದಿನಂತೆ ಕೇಳಿದರು.

ದೊಡ್ಡ ಸಿಸ್ಟರ್ ಬೆರಳು ಜೇಬಿನಲ್ಲಿ ಟೇಪಿನ ತುದಿಯನ್ನು ಎಬ್ಬಿಸಿತ್ತು. ಅವರು ನರ್ಸುಗಳ ಮುಖ ನೋಡಿದರು.

"ಅಲ್ಲ, ಮೇಡಂ."

ಆಪರೇಷನ್ ಆಯಿತು. ಮಗು ಗಟ್ಟಿಯಾಗಿತ್ತು. ಮಗಳ ಹೊಲಿಗೆ ಆರನೇ ದಿನ ಬಿಚ್ಚಿಕೊಂಡು ಕೀವಾಯಿತು. ದೊಡ್ಡ ಸಿಸ್ಟರ್ ದಿನಕ್ಕೆರಡು ಸಲ ತಾವೇ ಡ್ರೆಸ್ಸಿಂಗ್ ಮಾಡಿದರು.

ಒಂದು ದಿನ ಟ್ರೇ ಹಿಡಿದು ನಿಂತಿದ್ದ ಕಿರಿಯ ನರ್ಸೇ ಮರುಕದಿಂದ ಕೇಳಿದಳು. "ನಿಮಗೆ ಅಮ್ಮ ಇಲ್ವಾ? ಒಂದಿನಾನೂ ಬಂದಿಲ್ವಲ್ಲ."

"ಇದ್ದಾರೆ. ಡ್ಯೂಟಿಲಿದ್ದಾರೆ."

"ಎಲ್ಲಿ ಕೆಲಸ?"

"ಗೊತ್ತಿಲ್ಲ. ಯಾವತ್ತೂ ಕರ್ಕೊಂಡ್ಹೋಗಿ ತೋರಿಸಿಲ್ಲ."

ಗಾಯದೊಳಗೆ ಹತ್ತಿ ಇಡುತ್ತಿದ್ದ ತಾಯಿ ಅದನ್ನು ಕೇಳಿಸಿಕೊಂಡರು. ಆಗಲಾದರೂ ಬಾಯಿ ಬಿಡಬಹುದಿತ್ತು. ದೊಡ್ಡ ಸಿಸ್ಟರ್ ಪಟ್ಟಿ ಬಿಗಿದು, ಕೈತೊಳೆದು, ನಾಲ್ಕನೇ ಬೆಡ್ಡಿಗೆ ಹೋದರು.